ಶುಕ್ರವಾರದವರೆಗೆ ಬಾಡಬಾರದು

11, ಸೋಮವಾರ, ಬೆಳಿಗ್ಗೆ

ಕಾಂಡದ ತುದಿ ಮತ್ತೆ ಓರೆಯಾಗಿ ಕತ್ತರಿಸಿದೆ. ನೀರು ಬದಲಿಸಿದೆ. ಎಸಳಿಗೆ ಹನಿ ತಾಗಿಸಲಿಲ್ಲ. ಪುಟ್ಟಿಯ ಮದುವೆ ಬೊಕೆಗೆ ಇಡೀ ಫ್ರಿಜ್ ಖಾಲಿ ಮಾಡಿದ್ದೇನೆ. ಹಾಲು, ಸೊಪ್ಪು ಎಲ್ಲ ಪಕ್ಕದ ಮನೆಗೆ ವಲಸೆ. ಹೂ ಒಣಗಿಸಿ ಗಾಜಿನ ಫ್ರೇಮಿನಲ್ಲಿ ಕೂರಿಸಿಕೊಡುವಾಕೆಗೆ ಜ್ವರವಂತೆ. ಶುಕ್ರವಾರ ಬರುತ್ತಾಳೆ.

"ತಾಜಾ ಇದ್ರೆ ಮಾತ್ರ ನನ್ ಕೈಲಾಗೋದು. ಹಣ್ಣು ಹತ್ರ ಸೇರಿಸ್ಬೇಡಿ, ಸೇಬಂತೂ ಬೇಡವೇ ಬೇಡ. ಅದರ ಗಾಳಿಗೇ ಹೂ ಬಾಡತ್ತೆ" ಎಂದಳು. ಇವರಿಗೂ ಹೇಳಿದೆ. ಪೇಪರಿನ ಹಿಂದಿನಿಂದ "ಹೂಂ ಹೂಂ" ಎಂದರು.

ನಡುವಿನ ಗುಲಾಬಿ ಪುಟ್ಟಿಯ ಅಮ್ಮ ನೆಟ್ಟ ಕುಂಡದ್ದು. ಅವರು ತೀರಿಕೊಂಡ ಮೇಲೆ ಈ ಮನೆಗೆ ಬಂದವಳು ನಾನು. ಆ ಕುಂಡಕ್ಕೆ ನನಗೆ ನೀರು ಹಾಕಲೂ ಬಿಟ್ಟವಳಲ್ಲ ಪುಟ್ಟಿ. ಅಂಥವಳು ಗಂಡನ ಮನೆಗೆ ಹೊರಡುವಾಗ "ಚಿಕ್ಕಮ್ಮ, ನೀವೇ ನೋಡ್ಕೊಳ್ಳಿ" ಎಂದಳು. ಅಪ್ಪನಿಗಲ್ಲ, ನನಗೆ. ಇದೊಂದು ಕೆಟ್ಟರೆ ಇನ್ಯಾವ ಜನ್ಮಕ್ಕೂ ನನ್ನನ್ನು ನಂಬುವುದಿಲ್ಲ.

12, ಮಂಗಳವಾರ

ಚೆನ್ನಾಗಿದೆ. ಮತ್ತೆ ಮತ್ತೆ ಬಾಗಿಲು ತೆಗೆದು ನೋಡಿದೆ. "ನೀನೂ ಒಳಗೆ ಹೋಗಿ ಕೂತ್ಕೋ, ಬಾಗಿಲು ನಾನು ಹಾಕ್ತೀನಿ" ಎಂದರು ಇವರು. ನಗು ಬಂತು. ನಾಳೆ ತಂಗಿಗೆ ಆಪರೇಷನ್, ಆಸ್ಪತ್ರೆಯಲ್ಲಿ ಉಳಿಯಬೇಕು. ನೀರು ಬದಲಿಸುವುದನ್ನು ಇವರಿಗೆ ಹೇಳಿಕೊಟ್ಟಿದ್ದೇನೆ.

14, ಗುರುವಾರ, ಮಧ್ಯಾಹ್ನ

ಅಯ್ಯೋ ದೇವರೇ.

ಗುಲಾಬಿ ಕಂದಿದೆ. ಮುಟ್ಟಿದರೆ ಉದುರುತ್ತದೆ. ಬೊಕೆಯ ಪಕ್ಕದಲ್ಲೇ ಒಂದು ಬುಟ್ಟಿ ಸೇಬು! ಬೀಗರು ಕಳಿಸಿದ್ದಂತೆ. "ಹಾಳಾಗತ್ತಲ್ಲ ಅಂತ ಇಟ್ಟೆ ಕಣೇ. ಜಾಗ ಎಷ್ಟೊಂದಿತ್ತು."

ಐಸ್ ನೀರು, ಸಕ್ಕರೆ ನೀರು... ಎಲ್ಲ ಆಯಿತು. ಹೂವಂಗಡಿಯವನಿಗೆ ಫೋನ್ ಮಾಡಿದೆ. "ಬೇರೆ ಎಲ್ಲಾ ಹೊಸದು ಕೊಡ್ತೀನಮ್ಮಾ, ಆ ಗುಲಾಬಿ ನಮ್ಮಲ್ಲಿಲ್ಲ." ಕುಂಡದಲ್ಲಿ ಒಂದು ಮೊಗ್ಗೂ ಇಲ್ಲ.

ಸಂಜೆ

ಇವರು ಬಂದು ಪಕ್ಕದಲ್ಲಿ ಕೂತರು. "ನಾನಿಟ್ಟೆ ಅಂತ ಹೇಳ್ಬೇಡ್ವೇ. ಮೊನ್ನೆ ತಾನೇ ಹೋಗಿದಾಳೆ, ನನ್ನ ಮೇಲೆ ಮುನಿಸ್ಕೊಂಡ್ರೆ ತಡ್ಕೊಳ್ಳೋಕಾಗಲ್ಲ. ನಿನ್ನ ಮೇಲಾದ್ರೆ... ಅವಳಿಗೆ ಅಭ್ಯಾಸ ಇದೆಯಲ್ಲ."

ಅಭ್ಯಾಸ! ಮೈಯೆಲ್ಲ ಉರಿಯಿತು. ಆದರೂ ಆ ಸಪ್ಪೆ ಮುಖ ನೋಡಿ, ಎದ್ದು ಹೋಗಿ ಸೇಬಿನ ಬುಟ್ಟಿಯನ್ನು ಪಕ್ಕದ ಮನೆಗೆ ಕೊಟ್ಟು ಬಂದೆ.

15, ಶುಕ್ರವಾರ, ಹತ್ತು ಗಂಟೆ

ಫ್ರೇಮಿನಾಕೆ ಬಂದಳು. "ಉಳಿದಿದ್ದರಲ್ಲಿ ಒಂದಿಷ್ಟು ಆಗತ್ತೆ. ಈ ಗುಲಾಬಿ ಮಾತ್ರ ಆಗಲ್ಲಮ್ಮಾ." ಪುಟ್ಟಿಗೆ ಫೋನ್ ಮಾಡಿ ಹೇಳಿದೆ — ಗುಲಾಬಿ ಹೋಯಿತು ಅಂತ. ಬೈಗುಳಕ್ಕೆ ಕಾದೆ. ಅವಳು ಮೆಲ್ಲಗೆ ಕೇಳಿದಳು: "ಅಪ್ಪ ಫ್ರಿಜ್‌ನಲ್ಲಿ ಏನಾದ್ರೂ ತುರುಕಿದ್ರಾ ಚಿಕ್ಕಮ್ಮ? ನೀವು ಹೀಗಾಗೋಕೆ ಬಿಡೋರಲ್ಲ."

ನೀವು ಹೀಗಾಗೋಕೆ ಬಿಡೋರಲ್ಲ. ಅವಳ ಬಾಯಲ್ಲಿ, ನನಗೆ! ಇವರು ಬಾಗಿಲಲ್ಲಿ ನಿಂತು ಕೈ ಮುಗಿಯುತ್ತಿದ್ದರು.

"ಇಲ್ಲ ಪುಟ್ಟಿ... ಸೇಬು ಇಟ್ಟಿದ್ದು ನಾನೇ" ಎಂದುಬಿಟ್ಟೆ.

"ನೀವಾ?"

ಅಷ್ಟೇ. ಫೋನಿಟ್ಟಳು.

ಹನ್ನೊಂದು

ಯಾಕೆ ಹಾಗಂದೆ? ನನ್ನ ನಾಲಿಗೆಗೆ ಏನು ಬಂದಿತ್ತು ರೋಗ? ನಂಬಿದ್ದಳಲ್ಲ! ಕೈಗೆ ಬಂದ ತುತ್ತನ್ನು ನಾನೇ ನೆಲಕ್ಕೆ ಹಾಕಿದೆ. ಇವರು "ಹೋಗ್ಲಿ ಬಿಡು" ಎನ್ನುತ್ತಿದ್ದಾರೆ. ಬಿಡುವುದಿಲ್ಲ. ನಿಜ ಹೇಳಿಯೇ ತೀರುತ್ತೇನೆ.

ಪುಟ್ಟಿಗೆ ಮತ್ತೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ. ಇಲ್ಲ. ಈಗ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಿದ್ದೇನೆ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ. ರಿಂಗ್ ಆಗುತ್ತಿದೆ. ಇವರು ಬೇಡ ಬೇಡ ಎಂದು ಕೈಯಾಡಿಸುತ್ತಿದ್ದಾರೆ. ಆಡಿಸಲಿ. ರಿಂಗ್... ಎತ್ತಿದಳು —