ಮೈಲಾಂಜಿಗೆ ಕಳಿಸಿದ ಹಾಡು

ಜಿಜಾನ್
14 ಮಾರ್ಚ್ 2018, ಬುಧವಾರ

ಪ್ರೀತಿಯ ತಮ್ಮ ಸುಹೈಬ್,

ಅಸ್ಸಲಾಮು ಅಲೈಕುಂ. ನಿನ್ನ ಮೂರು ಮೆಸೇಜಿಗೂ ಉತ್ತರಿಸಲಿಲ್ಲ, ಬೇಸರಿಸಬೇಡ. ನನ್ನ ಫೋನನ್ನು ನಿನ್ನ ಭಾವನೂ ನೋಡುತ್ತಾರೆ. ಹಾಗಾಗಿ ಶುಕ್ರವಾರ ಊರಿಗೆ ಹೊರಟಿರುವ ಪಕ್ಕದ ಮನೆಯ ಖತೀಜಮ್ಮನ ಕೈಯಲ್ಲಿ ಈ ಕಾಗದ. ಮಕ್ಕಳು ಚೆನ್ನಾಗಿದ್ದಾರೆ. ನಾನು ಚೆನ್ನಾಗಿಲ್ಲ.

ತಂಗಿ ಶಮೀನಾಳ ಮದುವೆಗೆ ಬರಲಾಗಲಿಲ್ಲವೆಂದು, ಮೈಲಾಂಜಿಯ ದಿನ ಗೋರಂಟಿ ಹಚ್ಚುವ ಹೆಂಗಸರು ಮಾತ್ರ ಕೇಳಲೆಂದು, ಅಡುಗೆಕೋಣೆಯ ಬಾಗಿಲು ಹಾಕಿಕೊಂಡು ಹಾಡಿ, ನಿನ್ನ ಫೋನಿಗೆ ಕಳಿಸಿ, ನನ್ನದರಿಂದ ಅಳಿಸಿದ್ದೆ. ನೀನು ಅದಕ್ಕೆ ಡ್ರಮ್ಮು, ಬೇಸ್ ಗಿಟಾರು ಸೇರಿಸಿ, ನಿನ್ನ ಎರಡು ಕೋಣೆಯ ರೆಕಾರ್ಡ್ ಕಂಪನಿಯಿಂದ ಅಮೆರಿಕದ 'ಸೋಲ್' ಶೈಲಿಯ ಡಾನ್ಸಿನ ಹಾಡೆಂದು ಬಿಟ್ಟೆ. ನನ್ನನ್ನು ಕೇಳಿದೆಯಾ? ಈಗ ಮಂಗಳೂರಿನಿಂದ ದುಬೈವರೆಗೆ ಹುಡುಗರು ಭುಜ ಅಲುಗಿಸಿ ಒಂಟಿ ಕಾಲಲ್ಲಿ ತಿರುಗುತ್ತಿದ್ದಾರೆ. ಇಲ್ಲಿನ ಬಂದರಿನಲ್ಲೂ ಊಟದ ಬಿಡುವಿಗೆ ಅದೇ ಕುಣಿತವಂತೆ. ಅಲ್ಲಿ ಕೆಲಸ ಮಾಡುವ ಇವರೇ ಬಂದು ಹೇಳಿದರು.

ನನಗೆ ಮರೆವು ಕಡಿಮೆ. ತೊಂಬತ್ತಮೂರರಲ್ಲಿ ನಮ್ಮ ಉಮ್ಮ ಕ್ಯಾಸೆಟ್ಟಿಗೆ ಹಾಡಿದಾಗ ಹೊದಿಕೆಯ ಮೇಲೆ ದೊಡ್ಡ ಮಾವನ ಹೆಸರು, ಕೆಳಗೆ ಸಣ್ಣಕ್ಷರದಲ್ಲಿ 'ಮತ್ತು ಸಂಗಡಿಗರು'. ಉಮ್ಮ ಆ ಸಂಗಡಿಗರು. ನಿನ್ನ ಸೋಲ್ ಸಂಗೀತದ ಚರಿತ್ರೆಯನ್ನೂ ಓದಿದ್ದೇನೆ. ಅಮೆರಿಕದ ಕಪ್ಪು ಹೆಂಗಸರ ಕಂಠದಿಂದ ಕಂಪನಿಗಳು ಬೆಳೆದವು, ಹಾಡಿದವರು ಎಷ್ಟೋ ಮಂದಿ ಹೆಸರಿಲ್ಲದೆ ಹೋದರು. ನೀನೂ ಅದೇ ಸಾಲಿನಲ್ಲಿ ನಿಂತೆ.

ಈಗ ಜನ ಹಾಡಿದವರು ಯಾರೆಂದು ಕೇಳುತ್ತಿದ್ದಾರೆ, ಮುಂದಿನ ವಾರ ಅಚ್ಚಾಗುವ ರೆಕಾರ್ಡಿನ ಮೇಲೆ ನನ್ನ ಹೆಸರು ಹಾಕುತ್ತೇನೆ ಎನ್ನುತ್ತೀ. ಕದಿಯುವಾಗಲೂ ಕೇಳಲಿಲ್ಲ, ಕೊಡುವಾಗಲೂ ಕೇಳುವುದಿಲ್ಲ. ಮೊನ್ನೆ ಇವರು ಗೆಳೆಯ ಕೋಯನ ಹತ್ತಿರ, "ಯಾವ ಮನೆಯ ಹೆಂಗಸೋ, ಊರಿಗೆಲ್ಲ ಕೇಳುವ ಹಾಗೆ ಹಾಡಲು ಬಿಟ್ಟಿದ್ದಾರಲ್ಲ" ಎಂದು ನಗುತ್ತಿದ್ದರು. ಗೊತ್ತಾದರೆ ಮಕ್ಕಳನ್ನು ಇಟ್ಟುಕೊಂಡು ನನ್ನೊಬ್ಬಳನ್ನೇ ಊರಿಗೆ ಕಳಿಸಿಯಾರು. ಈ ದೇಶದಲ್ಲಿರಲು ಬೇಕಾದ ನನ್ನ ಇಕಾಮಾ ಪರವಾನಗಿ ಇರುವುದು ಇವರ ಕೈಯಲ್ಲಿ. ದಮ್ಮಯ್ಯ, ಹೆಸರು ಹಾಕಬೇಡ.

ಅಲ್ಲಾಹು ನಿನ್ನ ಕೆಲಸಕ್ಕೆ ಬರ್ಕತ್ ಕೊಡಲಿ, ನಿನಗೆ ಸ್ವಲ್ಪ ಬುದ್ಧಿಯನ್ನೂ.

ನಿನ್ನ ಅಕ್ಕ
ಜುವೈರಿಯಾ

ತಾ.ಕ.: ಗುರುವಾರ. ಸಂಜೆ ಸಮುದ್ರದ ಬದಿಗೆ ಹೋಗುವಾಗ ಇವರು ಕಾರಿನಲ್ಲಿ ಆ ಹಾಡು ಹಾಕಿದರು. ನಾನು ಕಿಟಕಿಯ ಕಡೆ ತಿರುಗಿ ಕೂತೆ. ಸ್ಟಿಯರಿಂಗಿನ ಮೇಲೆ ತಾಳ ತಟ್ಟುತ್ತ ಮೂರು ಸಲ ಕೇಳಿದರು. ಮೂರನೆಯ ಸಲ ನಾನೂ, ಯಾಕೋ, ಮೆಲ್ಲಗೆ ಜತೆಗೆ ಹಾಡಿದೆ. "ನೀನು ಸ್ವಲ್ಪ ಸುಮ್ಮನಿರು ಮಾರಾಯ್ತಿ, ಅವಳು ಹಾಡುವುದನ್ನು ಕೇಳುವ" ಎಂದರು.

ಹದಿನಾರು ವರ್ಷದ ಸಂಸಾರ, ಸುಹೈಬ್. ಹೆಸರು ಹಾಕು.