ಅಪ್ಪನ ಕಾಯಿಲೆ ಕೇಳಿದಾಗ

ಅಪ್ಪಾ,

ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ಊದಿದ ಮುಖ ಹೊತ್ತು ನೀನು ಬಾಗಿಲಲ್ಲಿ ನಿಂತಿದ್ದೆ, ನಾನು "ಯಾರು ನೀವು?" ಅಂದೆ. ಇವತ್ತು ಆಸ್ಪತ್ರೆಯಲ್ಲಿ ನಿಜವಾಗಿಯೂ ಹಾಗೇ ಮಾಡಿಬಿಟ್ಟೆ.

ನನ್ನ ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿದಿದೆಯಂತೆ. "ಮನೇಲಿ ಬೇರೆ ಯಾರಿಗಾದರೂ ಹೀಗಾಗಿತ್ತಾಮ್ಮ?" ಅಂತ ಡಾಕ್ಟರು ಕೇಳಿದರು. ಪಕ್ಕದಲ್ಲಿ ಮಗ ಕೂತಿದ್ದ, ಅವನಿಗೂ ಸಕ್ಕರೆ ಇದೆ. "ಯಾರಿಗೂ ಇಲ್ಲ, ನಮ್ಮಪ್ಪ ಎದೆನೋವಿಂದ ಹೋದರು" ಅಂದೆ. ಸಕ್ಕರೆ ಇದ್ದೂ ಬಾಯಿ ಕಟ್ಟದೆ ಕಿಡ್ನಿ ಕಳ್ಕೊಂಡು ಸತ್ತ ಅಂತ ಜನ ನಿನ್ನನ್ನು ಆಡಿಕೊಂಡಿದ್ದು ಇನ್ನೂ ಕಿವಿಯಲ್ಲಿದೆ.

"ಸಕ್ಕರೆ ಇರೋರಿಗೆಲ್ಲ ಕಿಡ್ನಿ ಕೆಡಲ್ಲ. ಕೆಲವು ಮನೆಗಳಲ್ಲಿ ಅದು ರಕ್ತದಲ್ಲೇ ಬರುತ್ತೆ. ಹಾಗಿದ್ದರೆ ನಿಮ್ಮ ಮಗನಿಗೂ ಈಗಲೇ ಪರೀಕ್ಷೆ ಮಾಡಬೇಕು" ಅಂದರು ಡಾಕ್ಟರು.

"ಅಮ್ಮ ಕೊಡೋ ಆಸ್ತಿ ಅದೊಂದೇ ಡಾಕ್ಟ್ರೇ" ಅಂತ ಅವನು ನಕ್ಕ. ಆಗ ತಡೆಯಲಾರದೆ ನಿನ್ನ ವಿಷಯವೆಲ್ಲ ಹೇಳಿದೆ. ಅವನ ನಗು ನಿಂತುಹೋಯಿತು.

ನಿನ್ನ ಅಮ್ಮನಿಗೂ, ಅಂದರೆ ಅಜ್ಜಿಗೂ, ಇದು ಇತ್ತಾ ಅಂತ ಡಾಕ್ಟರು ಕೇಳಿದ್ದಾರೆ. ಅಂಗಡಿಯಲ್ಲಿ ಊರವರ ಚಪ್ಪಲಿ ಹೊಲಿದು ಬಂದು, ಅಜ್ಜಿಯ ಕಾಲು ಊದಿತೆಂದು ಅವಳ ಚಪ್ಪಲಿಯ ಪಟ್ಟಿಯನ್ನೂ ಸಡಿಲ ಮಾಡಿ ಹೊಲಿಯುತ್ತಿದ್ದೆಯಲ್ಲ, ಅದು ಒಂದು ಕಾಲಿನದೋ, ಎರಡೂ ಕಾಲಿನದೋ? ಒಂದೇ ಆದರೆ ಹಳೇ ಪೆಟ್ಟಿನ ಬಾವು ಇರಬಹುದಂತೆ, ಎರಡೂ ಆದರೆ ಕಿಡ್ನಿಯದೇ ಇರಬಹುದಂತೆ. ಹೊಲಿದ ಕೈ ನಿನ್ನದು. ಇನ್ನೊಂದು ಸಲ ಕನಸಿಗೆ ಬಂದು, ಸರಿಯಾಗಿ ನೆನಪು ಮಾಡಿಕೊಂಡು ಹೇಳಪ್ಪ.