ಪರದೆಯ ಅಂಚಿನಲ್ಲಿ ಕತ್ತರಿಸಿಹೋದ ಕೆಂಪು ಪಟ್ಟಿ

ತಾಂತ್ರಿಕ ಸಹಾಯ ವಿಭಾಗದ ಮುಖ್ಯಸ್ಥರೇ,

ನಿಮ್ಮ ವಿಭಾಗ ನಮಗೆ ಕೊಟ್ಟ ಕಂಪ್ಯೂಟರ್ ಪರದೆಯ ತಳದಲ್ಲಿ ಎರಡು ಬೆರಳಗಲದಷ್ಟು ಚಿತ್ರ ಕಾಣುವುದಿಲ್ಲ. ವಿಷಾನಿಲ ಸೋರಿದಾಗ ಬರುವ ಎಚ್ಚರಿಕೆ ಇರುವುದು ಸರಿಯಾಗಿ ಅದೇ ಎರಡು ಬೆರಳಿನ ಜಾಗದಲ್ಲಿ. ಇದನ್ನು ಏಳು ವಾರಗಳಲ್ಲಿ ಒಂಬತ್ತು ಸಲ ನಿಮಗೆ ತಿಳಿಸಿದೆ. ಒಂಬತ್ತು ಸಲವೂ ‘ಸಮಸ್ಯೆ ಬಗೆಹರಿದಿದೆ’ ಎಂದು ಬರೆದು ದೂರನ್ನು ಮುಚ್ಚಿದಿರಿ. ಹತ್ತನೆಯದನ್ನು ಬರೆಯುವಷ್ಟರಲ್ಲಿ ನನ್ನ ಅಕ್ಕನ ಗಂಡ ಆ ಅನಿಲಕ್ಕೆ ಸಿಕ್ಕಿ ನೆಲಕ್ಕೆ ಬಿದ್ದರು. ಈಗ ನೋಟಿಸು ಬಂದಿರುವುದು ನನಗೆ: ‘ಪರದೆಯ ಮೇಲೆ ಸ್ಪಷ್ಟವಾಗಿದ್ದ ಎಚ್ಚರಿಕೆಯನ್ನು ಗಮನಿಸದ ಕರ್ತವ್ಯಲೋಪ.’ ಒಮ್ಮೆ ಮುಚ್ಚಿದ ದೂರನ್ನು ಮತ್ತೆ ತೆರೆಯುವ ಗುಂಡಿಯನ್ನು ನೀವು ಇಟ್ಟಿಲ್ಲವಾದ್ದರಿಂದ ನಾಲ್ಕು ಜನ ಓದುವಂತೆ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಾನು ಕುಡಿಯುವ ನೀರಿನ ಶುದ್ಧೀಕರಣ ಘಟಕದಲ್ಲಿ ಹದಿನಾರು ವರ್ಷಗಳಿಂದ ಪಾಳಿ ನಿರ್ವಾಹಕಿ. ನೀವು ಈ ಬೆಳಿಗ್ಗೆ ಮುಖ ತೊಳೆದ ನೀರು ನಮ್ಮ ಕೈ ದಾಟಿಯೇ ಬಂದಿದೆ. ಪಂಪು, ತೊಟ್ಟಿ, ಕ್ಲೋರಿನ್ ಕೋಣೆ, ಎಲ್ಲದರ ಸ್ಥಿತಿಯನ್ನೂ ಒಂದೇ ಪರದೆಯಲ್ಲಿ ನೋಡುತ್ತ ಕೂರುವುದು ನನ್ನ ಕೆಲಸ. ಭಾವ ಅದೇ ಘಟಕದ ಫಿಟ್ಟರ್. ಕ್ಲೋರಿನ್ ಸಿಲಿಂಡರುಗಳನ್ನು ಬದಲಿಸುವವರು, ಕವಾಟಗಳನ್ನು ಬಿಗಿಮಾಡುವವರು ಅವರೇ. ನನಗೆ ನಲವತ್ತೊಂದು ತುಂಬಿದರೂ ಇವತ್ತಿಗೂ ‘ಪುಟ್ಟಿ’ ಎಂದೇ ಕರೆಯುತ್ತಾರೆ. ಕ್ಲೋರಿನ್ ಕೋಣೆಗೆ ಹೋಗುವ ಮುನ್ನ ಬಾಗಿಲ ಬಳಿಯ ಫೋನಿನಿಂದ ನನ್ನನ್ನು ಕೇಳಬೇಕು. ಪರದೆಯಲ್ಲಿ ಎಲ್ಲ ಸರಿಯಿದ್ದರೆ ಮುಖವಾಡ ಸೊಂಟದಲ್ಲಿ, ಇಲ್ಲದಿದ್ದರೆ ಮುಖದ ಮೇಲೆ. ನಿಯಮ ಇಷ್ಟೇ. ಮೊದಲು ಆ ಬಾಗಿಲ ಮೇಲೊಂದು ಕೆಂಪು ದೀಪ, ಒಂದು ಗಂಟೆ ಇದ್ದವು. ಕಂಪ್ಯೂಟರು ಬಂದಾಗ ‘ಪರದೆಯಲ್ಲೇ ಎಲ್ಲ ಕಾಣುತ್ತದಲ್ಲ’ ಎಂದು ಎರಡನ್ನೂ ಬಿಚ್ಚಿಸಿದವರು ಯಾರೆಂಬುದನ್ನು ನಿಮ್ಮ ಕಡತಗಳೇ ಹೇಳುತ್ತವೆ.

ನಮ್ಮ ಹಳೆಯ ಚೌಕ ಪರದೆ ಒಂದು ದಿನ ಕಣ್ಣು ಮುಚ್ಚಿತು. ನೀವು ಅಗಲವಾದ, ಹೊಳೆಯುವ, ಟೀವಿಯಂಥದ್ದೊಂದನ್ನು ಕಳಿಸಿದಿರಿ. ಗೋಡೆಗೆ ಸಿಕ್ಕಿಸಿದವರು ಕೇಬಲ್ ಚುಚ್ಚಿ, ‘ಬಂತಲ್ಲ ಚಿತ್ರ’ ಎಂದು ಸಹಿ ಹಾಕಿಸಿಕೊಂಡು ಹೊರಟೇಹೋದರು. ಚಿತ್ರ ಬಂದಿತ್ತು ನಿಜ. ಆದರೆ ನಾಲ್ಕೂ ಅಂಚು ಚೌಕಟ್ಟಿನಾಚೆ ಜಾರಿಹೋಗಿದ್ದವು. ಮೇಲೆ ಗಡಿಯಾರದ ಅರ್ಧ ಇಲ್ಲ. ಎಡಗಡೆ ತೊಟ್ಟಿಗಳ ಮೊದಲಕ್ಷರ ಇಲ್ಲ. ತಳದಲ್ಲಿ ಎಚ್ಚರಿಕೆಯ ಪಟ್ಟಿ ಪೂರ್ತಿ ಇಲ್ಲ.

ಅವತ್ತೇ ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ.

“ಒಂದ್ಸಲ ಆಫ್ ಮಾಡಿ ಆನ್ ಮಾಡಿ ಮೇಡಂ.”

“ಮಾಡಿದೆ.”

“ಈಗ?”

“ಈಗಲೂ ಹಾಗೇ ಇದೆ.”

“ರೆಸಲ್ಯೂಷನ್ ಪ್ರಾಬ್ಲಮ್ ಅದು. ಇಲ್ಲಿಂದಲೇ ಸರಿ ಮಾಡ್ತೀನಿ, ಕೈ ತೆಗೀರಿ.”

ಕೈ ತೆಗೆದೆ. ನನ್ನ ಪರದೆಯ ಮೇಲೆ ಯಾರದೋ ಬಾಣದ ಗುರುತು ತಾನಾಗಿ ಓಡಾಡಿತು. ಅಕ್ಷರಗಳು ಇರುವೆಗಳಷ್ಟಾದವು, ಆಮೇಲೆ ಕುಂಬಳಕಾಯಿಯಷ್ಟಾದವು, ಆಮೇಲೆ ಪರದೆಯೇ ಕಪ್ಪಾಯಿತು. ಮತ್ತೆ ಬೆಳಕಾದಾಗ ಎಲ್ಲ ಮೊದಲಿನಂತೆಯೇ ಇತ್ತು, ಅಂಚುಗಳೂ ಮೊದಲಿನಂತೆಯೇ ಮಾಯವಾಗಿದ್ದವು. “ನನಗೆ ಇಲ್ಲಿ ಪೂರ್ತಿ ಕಾಣ್ತಿದೆ ಮೇಡಂ, ಕೆಳಗಿನ ಪಟ್ಟಿನೂ ಇದೆ” ಎಂದರು. “ನಿಮಗೆ ಕಂಡರೆ ಏನು ಬಂತು? ಇಲ್ಲಿ ಕೂತಿರೋಳು ನಾನು” ಎಂದೆ. “ಸ್ಕ್ರೀನ್‌ಶಾಟ್ ಕಳಿಸಿ” ಎಂದು ಫೋನ್ ಇಟ್ಟರು. ಹತ್ತು ನಿಮಿಷದಲ್ಲಿ ಸಂದೇಶ ಬಂತು: ಸಮಸ್ಯೆ ಬಗೆಹರಿದಿದೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?

ಸ್ಕ್ರೀನ್‌ಶಾಟ್ ಕಳಿಸಿದೆ. ಅದರಲ್ಲಿ ಎಲ್ಲವೂ ಇತ್ತು! ಗಡಿಯಾರ, ಮೊದಲಕ್ಷರ, ತಳದ ಪಟ್ಟಿ. ಹುಚ್ಚು ಹಿಡಿಯುವುದೊಂದು ಬಾಕಿ. ಕೊನೆಗೆ ಅರ್ಥವಾಯಿತು: ಸ್ಕ್ರೀನ್‌ಶಾಟ್ ಎನ್ನುವುದು ಕಂಪ್ಯೂಟರು ಏನನ್ನು ಕಳಿಸಿತೆಂಬುದರ ಚಿತ್ರ, ಪರದೆ ಏನನ್ನು ತೋರಿಸಿತೆಂಬುದರ ಚಿತ್ರವಲ್ಲ. ದೂರದಲ್ಲಿ ಕೂತು ನೋಡಿದವರಿಗೆಲ್ಲ ನನ್ನ ಪರದೆ ಸರಿಯಾಗಿಯೇ ಕಾಣುತ್ತದೆ. ತಪ್ಪು ಕಾಣುವುದು ಅದರ ಎದುರಿನ ಕುರ್ಚಿಯಲ್ಲಿ ಕೂತವರಿಗೆ ಮಾತ್ರ. ಮೊಬೈಲಿನಲ್ಲಿ ಫೋಟೋ ತೆಗೆಯೋಣವೆಂದರೆ ನಿಯಂತ್ರಣ ಕೊಠಡಿಯೊಳಗೆ ಮೊಬೈಲು ನಿಷಿದ್ಧ. ಆ ಆದೇಶವೂ ನಿಮ್ಮದೇ. ಪೆನ್ಸಿಲಿನಲ್ಲಿ ಪರದೆಯ ಚಿತ್ರ ಬರೆದು, ಕಾಣದ ಭಾಗಕ್ಕೆ ಗೆರೆ ಹೊಡೆದು ಅಂಚೆಯಲ್ಲಿ ಕಳಿಸಿದೆ. ‘ಕೈಬರಹದ ಚಿತ್ರಗಳನ್ನು ಪರಿಗಣಿಸಲಾಗುವುದಿಲ್ಲ, ಸ್ಕ್ರೀನ್‌ಶಾಟ್ ಲಗತ್ತಿಸಿ’ ಎಂದು ಉತ್ತರ ಬಂತು. ಇದನ್ನು ಓದಿ ನಗಬೇಕೋ ಅಳಬೇಕೋ, ನೀವೇ ಹೇಳಿ.

ಆರನೆಯ ಸಲ ಫೋನೆತ್ತಿದ ದನಿ ಬೇರೆಯಾಗಿತ್ತು. ಪೂರ್ತಿ ಕೇಳಿಸಿಕೊಂಡು, ದನಿ ತಗ್ಗಿಸಿ ಹೇಳಿತು: “ಅಕ್ಕ, ಅದು ರೆಸಲ್ಯೂಷನ್ ಅಲ್ಲ. ಆ ಪರದೆ ತನ್ನನ್ನ ಟೀವಿ ಅಂದ್ಕೊಂಡು ಚಿತ್ರ ಹಿಗ್ಗಿಸ್ತಿದೆ. ಅದರ ರಿಮೋಟಲ್ಲಿ ‘ಪರದೆಗೆ ಹೊಂದಿಸು’ ಅಂತ ಒಂದು ಆಯ್ಕೆ ಇರುತ್ತೆ. ಒತ್ತಿದ್ರೆ ಮುಗೀತು.”

“ರಿಮೋಟು ಕೊಟ್ಟಿಲ್ವಲ್ಲ?”

“ಕಳೆದುಹೋಗುತ್ತೆ ಅಂತ ಎಲ್ಲ ರಿಮೋಟನ್ನೂ ಇಲ್ಲಿ ಬೀರುವಿನಲ್ಲಿಟ್ಟು ಬೀಗ ಹಾಕಿದಾರೆ. ಇದನ್ನ ಕೇಳಿದವರಲ್ಲಿ ನೀವು ನಾಲ್ಕನೆಯವರು. ನಾನೂ ಬರೆದು ಕೊಟ್ಟಿದೀನಿ ಮೇಲಿನವರಿಗೆ. ಹುಷಾರಾಗಿರಿ ಅಕ್ಕ.”

ಹಾಗೆ ಹೇಳಿದ್ದು ಯಾರೆಂದು ಕೇಳಬೇಡಿ. ನಾನು ಹೇಳುವವಳಲ್ಲ. ಆದರೆ ನಾಲ್ಕನೆಯವರು ಎಂಬ ಮಾತು ತಲೆಯಲ್ಲೇ ಉಳಿಯಿತು. ಉಳಿದ ಮೂರು ಕಡೆ ಏನಾಗಿದೆಯೋ!

ರಿಮೋಟಿಗಾಗಿ ಮತ್ತೆ ಮೂರು ದೂರು ಬರೆದೆ. ಮೂರನ್ನೂ ‘ರೆಸಲ್ಯೂಷನ್’ ಎಂಬ ಶೀರ್ಷಿಕೆಯಡಿ ಮುಚ್ಚಿದಿರಿ. ನನ್ನ ಕೈಲಾದದ್ದನ್ನು ನಾನು ಮಾಡಿಕೊಂಡೆ. ಹದಿನೈದು ನಿಮಿಷಕ್ಕೊಮ್ಮೆ ಪಂಪುಗಳ ಚಿತ್ರ ಮುಚ್ಚಿ, ಎಚ್ಚರಿಕೆಗಳ ಪಟ್ಟಿಯನ್ನು ಬೇರೆಯಾಗಿ ತೆರೆದು ನೋಡುತ್ತಿದ್ದೆ. ಉಳಿದ ಪಾಳಿಯವರಿಗಾಗಿ ಚೌಕಟ್ಟಿಗೆ ಒಂದು ಚೀಟಿ ಅಂಟಿಸಿದೆ: ‘ಕೆಳಗೆ ಇನ್ನೊಂದು ಸಾಲಿದೆ, ಕಾಣುವುದಿಲ್ಲ.’ ತಪಾಸಣೆಗೆ ಬಂದ ಅಧಿಕಾರಿ ಅದನ್ನು ಕಿತ್ತು, “ಸರ್ಕಾರಿ ಸ್ವತ್ತಿಗೆ ಅಂಟು ಹಚ್ತೀರಾ?” ಎಂದು ಗದರಿದರು. ಚೀಟಿಯನ್ನು ಮಾತ್ರ ಓದಲಿಲ್ಲ.

ಆ ದಿನ ಹತ್ತು ಗಂಟೆಗೆ ಪಟ್ಟಿ ತೆರೆದು ನೋಡಿದ್ದೆ. ಏನೂ ಇರಲಿಲ್ಲ. ಹತ್ತು ಗಂಟೆ ನಾಲ್ಕು ನಿಮಿಷಕ್ಕೆ ಕವಾಟವೊಂದು ಬಿರುಕು ಬಿಟ್ಟು ಅನಿಲ ಸೋರಲು ಶುರುವಾಯಿತಂತೆ. ಇದು ನನಗೆ ಆಮೇಲೆ ತಿಳಿದದ್ದು. ಹತ್ತು ಒಂಬತ್ತಕ್ಕೆ ಫೋನ್ ಹೊಡೆದುಕೊಂಡಿತು.

“ಪುಟ್ಟಿ, ಒಳಗೆ ಹೋಗ್ಲೇನೇ?”

ಪರದೆ ನೋಡಿದೆ. ಪಂಪುಗಳೆಲ್ಲ ಹಸಿರು, ತೊಟ್ಟಿಗಳೆಲ್ಲ ಹಸಿರು. ಪಟ್ಟಿಯನ್ನು ಮತ್ತೆ ತೆರೆಯಬೇಕೆಂದು ಮನಸ್ಸಿಗೆ ಬಂತು; ಈಗ ತಾನೇ ನೋಡಿದೆನಲ್ಲ ಅನ್ನಿಸಿತು. “ಹೋಗಿ ಭಾವ” ಎಂದೆ.

ನನ್ನ ತಪ್ಪು ಇಷ್ಟು. ಇದನ್ನು ಯಾವ ವಿಚಾರಣೆಯಲ್ಲೂ ಮುಚ್ಚಿಡಲಿಲ್ಲ, ಇಲ್ಲೂ ಮುಚ್ಚಿಡುವುದಿಲ್ಲ. ಆ ಎರಡು ಶಬ್ದ ನಾನು ಸಾಯುವವರೆಗೆ ನನ್ನ ಕಿವಿಯಲ್ಲಿರುತ್ತವೆ.

ಕಿಟಕಿಯಾಚೆ ಏನೋ ಬಿದ್ದ ಸದ್ದಾಯಿತು. ಓಡಿದೆ. ಭಾವ ಬಾಗಿಲಿನಿಂದ ನಾಲ್ಕು ಹೆಜ್ಜೆ ಈಚೆಗೆ ತೆವಳಿಕೊಂಡು ಬಂದಿದ್ದರು. ಮುಖವಾಡ ಸೊಂಟದಲ್ಲೇ ಇತ್ತು. ಕಣ್ಣು ಕೆಂಡವಾಗಿತ್ತು, ಬಾಯಿ ತೆರೆದಿತ್ತು, ಉಸಿರು ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಕಾವಲುಗಾರನೂ ನಾನೂ ಅವರ ಎರಡು ತೋಳು ಹಿಡಿದು ಗಾಳಿ ಬರುವ ಕಡೆಗೆ ಎಳೆದೆವು. ಅಕ್ಕನಿಗೆ ಫೋನ್ ಮಾಡಿ ಏನು ಹೇಳಿದೆನೋ ನೆನಪಿಲ್ಲ. ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಈಗ ಮನೆಯಲ್ಲಿದ್ದಾರೆ. ಮಂಚದಿಂದ ಬಚ್ಚಲಿಗೆ ಹೋಗಲು ಎರಡು ಕಡೆ ಕೂತು ಸುಧಾರಿಸಿಕೊಳ್ಳುತ್ತಾರೆ. ಮಾತು ಪಿಸುಗುಟ್ಟುವಷ್ಟೇ ಉಳಿದಿದೆ. ಮೊನ್ನೆ ಅವರ ಕಾಲ ಬಳಿ ಕೂತು ಅತ್ತೆ. “ನೀನು ಕಂಡದ್ದನ್ನ ಹೇಳಿದೆ ಕಣೇ” ಎಂದರು. ಅಕ್ಕ ಎದ್ದು ಒಳಗೆ ಹೋದಳು. ಅವಳು ನನ್ನ ಜೊತೆ ಮಾತು ಬಿಟ್ಟು ಇವತ್ತಿಗೆ ಮೂವತ್ತೆರಡು ದಿನ.

ವಿಚಾರಣಾಧಿಕಾರಿಗಳು ಕಂಪ್ಯೂಟರಿನ ನೆನಪಿನಿಂದ ಆ ಹೊತ್ತಿನ ಚಿತ್ರವನ್ನು ತೆಗೆಸಿದ್ದರು. ಹತ್ತು ಗಂಟೆ ನಾಲ್ಕು ನಿಮಿಷದಿಂದ ತಳದಲ್ಲಿ ಕೆಂಪು ಪಟ್ಟಿ ಉರಿಯುತ್ತಿದೆ. “ಇಷ್ಟು ದಪ್ಪಕ್ಕೆ ಕಾಣ್ತಿದೆಯಲ್ಲಮ್ಮ, ನೀವು ಏನು ನೋಡ್ತಾ ಕೂತಿದ್ರಿ?” ಎಂದರು. “ಸಾರ್, ದಯವಿಟ್ಟು ಆ ಕೋಣೆಗೆ ಬನ್ನಿ, ಎರಡೇ ನಿಮಿಷ” ಎಂದೆ. ತಾಂತ್ರಿಕ ಸಹಾಯ ವಿಭಾಗದ ವರದಿ ಇರುವಾಗ ಸ್ಥಳ ಪರಿಶೀಲನೆಯ ಅಗತ್ಯವಿಲ್ಲವಂತೆ. ನಿಮ್ಮ ವರದಿಯಲ್ಲಿ ಏನಿತ್ತು? ‘ಇದೇ ಪರದೆಯ ಬಗ್ಗೆ ಒಂಬತ್ತು ದೂರು ಬಂದಿದ್ದು, ಒಂಬತ್ತೂ ಬಗೆಹರಿದಿವೆ.’ ನನ್ನ ಸಾಕ್ಷಿಯನ್ನೇ ನನ್ನ ಕುತ್ತಿಗೆಗೆ ಉರುಳು ಮಾಡಿದ ನಿಮ್ಮ ಕೈಚಳಕಕ್ಕೆ ಎಷ್ಟು ನಕ್ಷತ್ರ ಕೊಡಲಿ?

ನನ್ನನ್ನು ಕಡತಗಳ ಕೋಣೆಗೆ ಹಾಕಿದ್ದಾರೆ. ಅದರ ಬಗ್ಗೆ ನನಗೆ ಅಷ್ಟು ದುಃಖವಿಲ್ಲ. ಆದರೆ ಕಡತಗಳ ಮಧ್ಯೆ ಕೂತವಳಿಗೆ ಕಾಗದ ಕಣ್ಣಿಗೆ ಬೀಳುತ್ತದೆ. ಅದೇ ಪರದೆಗಳು ಇನ್ನೂ ಹನ್ನೊಂದು ಘಟಕಗಳಿಗೆ ಹೋಗಿವೆ. ಹನ್ನೊಂದರಲ್ಲೂ ಬಾಗಿಲ ದೀಪ, ಗಂಟೆ ಬಿಚ್ಚಿಸಿದ್ದಾರೆ. ಹನ್ನೊಂದೂ ರಿಮೋಟು ನಿಮ್ಮ ಬೀರುವಿನಲ್ಲಿವೆ. ನಮ್ಮ ಘಟಕದಲ್ಲಿ ನನ್ನ ಕುರ್ಚಿಗೆ ಬೇರೊಬ್ಬರು ಬಂದಿದ್ದಾರೆ. ವಿಚಾರಣೆ ಮುಗಿಯುವತನಕ ನನ್ನೊಂದಿಗೆ ಮಾತಾಡಕೂಡದೆಂದು ಅವರಿಗೆ ಲಿಖಿತ ಸೂಚನೆ ಇದೆ. ಕಾರಿಡಾರಿನಲ್ಲಿ ಎದುರಾದಾಗ ‘ಕೆಳಗೆ ಇನ್ನೊಂದು ಸಾಲಿದೆ’ ಎನ್ನಲು ಹೋದೆ. ತಲೆ ತಗ್ಗಿಸಿಕೊಂಡು ದಾಟಿಹೋದರು.

ನನ್ನ ನೋಟಿಸನ್ನು ವಾಪಸ್ ತೆಗೆದುಕೊಳ್ಳಿ ಎಂದು ನಾನು ಕೇಳುತ್ತಿಲ್ಲ. ಬೀರುವಿನ ಬೀಗ ತೆಗೆಯಿರಿ. ಹನ್ನೆರಡು ರಿಮೋಟುಗಳೊಂದಿಗೆ ಹನ್ನೆರಡು ಜನರನ್ನು ಕಳಿಸಿ, ಒಂದೊಂದು ಪರದೆಯ ಎದುರೂ ಅವರೇ ಕೂತು, ತಳದ ಸಾಲನ್ನು ತಮ್ಮ ಕಣ್ಣಿಂದ ಓದಿ ಸಹಿ ಮಾಡಲಿ. ಬಾಗಿಲುಗಳಿಗೆ ದೀಪ ಮತ್ತು ಗಂಟೆ ಮರಳಿ ಹಾಕಿಸಿ. ಜನ ಸಾಲದಿದ್ದರೆ ನೀವೇ ಬನ್ನಿ. ಸೋಮವಾರ ಬೆಳಿಗ್ಗೆ ಎಲ್ಲ ಘಟಕಗಳಿಗೂ ಹೊಸ ಸಿಲಿಂಡರುಗಳು ಬರುತ್ತವೆ. ಹನ್ನೆರಡು ಫಿಟ್ಟರುಗಳು ಹನ್ನೆರಡು ಬಾಗಿಲ ಮುಂದೆ ನಿಂತು ಫೋನೆತ್ತುತ್ತಾರೆ. ಅವರಲ್ಲಿ ಒಬ್ಬರ ಮುಖವನ್ನೂ ನೀವು ನೋಡಿಲ್ಲ.

ಇವತ್ತು ಶುಕ್ರವಾರ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಯಾವ ತೊಂದರೆಯೂ ಇಲ್ಲದ
ಒಬ್ಬ ಪಾಳಿ ನಿರ್ವಾಹಕಿ
(ಸದ್ಯ ಕಡತಗಳ ಕೋಣೆ)